ಮೆತ್ತನೆ ಹಾಸಿಗೆ ಬಿಟ್ಟು ಟೈಲ್ಸ್ ಮೇಲೆ ಮಲಗುವ ನಾಯಿಗೆ ಏನು ಹಾಸಬೇಕು?

ಮುಂಬೈ ಪಕ್ಕದ ಠಾಣೆ ಊರಿನ ಫ್ಲ್ಯಾಟಿನಲ್ಲಿ 3 ವರ್ಷದ ಲ್ಯಾಬ್ರಡಾರ್ ಇದೆ, ಜೊತೆಗೊಂದು ಬೆಕ್ಕು. ಆನ್‌ಲೈನಿನಲ್ಲಿ ತರಿಸಿದ ದುಂಡನೆಯ ಮೆತ್ತನೆ ಹಾಸಿಗೆಯನ್ನು ನಾಯಿ ಮೂಸಿಯೂ ನೋಡುತ್ತಿಲ್ಲ, ಬಚ್ಚಲ ಬಾಗಿಲಲ್ಲಿ ಟೈಲ್ಸ್ ಮೇಲೆ ಮಲಗುತ್ತದೆ, ಇನ್ಯಾವುದು ತರಲಿ ಅಂತ ಕೇಳಿದ್ದೀರಿ. ನಾನಿರುವುದು ಅಲ್ಲೇ ಹತ್ತಿರದ ಡೊಂಬಿವಲಿಯಲ್ಲಿ. ನಮ್ಮ ರಾಣಿ, ಅವಳೂ ಲ್ಯಾಬ್ ಮಿಶ್ರ ತಳಿ, 13 ವರ್ಷ ನಮ್ಮ ಜೊತೆಗಿದ್ದಳು. ಹಾಸಿಗೆ ಆರಿಸುವುದರಲ್ಲಿ ನಾನು ಮಾಡಿದ ತಪ್ಪಿಗೆ ಅವಳು ಇಡೀ ಒಂದು ಮಳೆಗಾಲ ಒದ್ದಾಡಿದಳು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ನಾಯಿಯದು ಹಠವಲ್ಲ, ಸೆಕೆ. ನಾಯಿ ಅಂಗಾಲಿನಲ್ಲಿ ಬಿಟ್ಟರೆ ನಮ್ಮ ಹಾಗೆ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿ, ತಣ್ಣನೆ ನೆಲಕ್ಕೆ ಹೊಟ್ಟೆ ಹಚ್ಚಿ ಮೈ ತಂಪು ಮಾಡಿಕೊಳ್ಳುತ್ತದೆ. ಲ್ಯಾಬ್‌ಗೆ ಮೈಮೇಲೆ ಎರಡು ಪದರ ಕೂದಲು ಬೇರೆ. ಇಲ್ಲಿನ ಏಪ್ರಿಲ್, ಮೇ ತಿಂಗಳ ಜಿಗುಟು ಸೆಕೆಯಲ್ಲಿ ಸುತ್ತ ದಿಂಬಿನ ಅಂಚಿರುವ, ಕೂದಲು ಕೂದಲಾದ ಹಾಸಿಗೆ ಅದಕ್ಕೆ ಕಂಬಳಿ ಹೊದ್ದ ಹಾಗೆ. ಅಂಥ ಹಾಸಿಗೆ ಚಳಿ ದೇಶಕ್ಕೆ ಸರಿ, ಸುರುಳಿ ಸುತ್ತಿ ಮಲಗುವ ಸಣ್ಣ ನಾಯಿಗೂ ಸರಿ. ಕಾಲು ಚಾಚಿ ಮಗ್ಗುಲಾಗಿ ಬೀಳುವ ಲ್ಯಾಬ್‌ಗೆ ಚೌಕದ, ಅಂಚಿಲ್ಲದ ಹಾಸಿಗೆ ಬೇಕು. ಮಲಗಿದಾಗ ಟೇಪು ಹಿಡಿದು ಮೂಗಿನಿಂದ ಬಾಲದ ಬುಡದವರೆಗೆ ಅಳೆಯಿರಿ, ಅದರ ಮೇಲೆ ಇನ್ನೊಂದು ಗೇಣು ಸೇರಿಸಿ.

ನಾನು ಎಡವಿದ್ದು ಮಾತ್ರ ಬೇರೆ ಕಡೆ. ಬಣ್ಣ ನೋಡಿದೆ, ಮೆತ್ತಗಿದೆಯಾ ಅಂತ ಒತ್ತಿ ನೋಡಿದೆ, ಒಗೆದರೆ ಒಣಗುತ್ತದಾ ಅಂತ ಕೇಳಲೇ ಇಲ್ಲ. ಮುಂಬೈನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯೇ 2,000 ಮಿಲಿಮೀಟರಿಗೂ ಹೆಚ್ಚು. ನಮ್ಮ ಬನಿಯನ್ನೇ ಎರಡು ದಿನ ಫ್ಯಾನ್ ಕೆಳಗೆ ನೇತಾಡುತ್ತದೆ. ಜುಲೈನಲ್ಲಿ ಒಂದು ದಿನ ವಾಕ್ ಮುಗಿಸಿ ಬಂದ ರಾಣಿ ತೊಯ್ದ ಮೈಯಲ್ಲೇ ಹೊಸ ಮಖಮಲ್ ಹಾಸಿಗೆ ಮೇಲೆ ಉರುಳಿದಳು. ಹೊದಿಕೆ ಬಿಚ್ಚಲು ಜಿಪ್ ಇರಲಿಲ್ಲ, ಎಲ್ಲ ಸೇರಿಸಿ ಹೊಲಿದುಬಿಟ್ಟಿದ್ದರು. ಮೇಲೆ ಒಣಗಿದಂತೆ ಕಂಡರೂ ಒಳಗಿನ ಸ್ಪಂಜು ಒದ್ದೆಯಾಗೇ ಉಳಿಯಿತು. ವಾರದಲ್ಲಿ ಮುಗ್ಗಲು ವಾಸನೆ. ಮಗುಚಿ ನೋಡಿದರೆ ಅಡಿಯಲ್ಲಿ ಕಪ್ಪು ಕಪ್ಪು ಬೂಷ್ಟು. ಅಷ್ಟರಲ್ಲಿ ಅವಳ ಕಂಕುಳು, ಹೊಟ್ಟೆಯ ಚರ್ಮ ಕೆಂಪಾಗಿ, ಕೆರೆದು ಕೆರೆದು ಕೂದಲು ಉದುರಿತ್ತು. ಡಾಕ್ಟರು ಯೀಸ್ಟ್ ಸೋಂಕು ಅಂದರು, ಮೊದಲು ಹಾಸಿಗೆ ಬಿಸಾಡಿ ಎಂದರು. ಔಷಧಿ ಶಾಂಪೂ ಹಾಕಿ ಸ್ನಾನ ಮಾಡಿಸುತ್ತ ಗಣಪತಿ ಹಬ್ಬ ಬಂತು.

ಆಮೇಲೆ ನಮಗೆ ಒಗ್ಗಿದ್ದು ಕಬ್ಬಿಣದ ಚೌಕಟ್ಟಿಗೆ ನೈಲಾನ್ ಬಲೆ ಬಿಗಿದ ಗಿಡ್ಡ ಮಂಚ. ನೆಲದಿಂದ ಗೇಣೆತ್ತರ, ಕೆಳಗೆ ಗಾಳಿ ಆಡುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಹುಬ್ಬಳ್ಳಿಯಿಂದ ಬಂದಿದ್ದ ಅವ್ವ ಅದನ್ನು ನೋಡಿ, "ಬರೇ ಜಾಳಗಿ ಮ್ಯಾಲ ಮಲಗಸ್ತಿಯೇನ? ಒಂದು ಕೌದಿ ಹಾಸವ್ವ" ಅಂತ ತನ್ನ ಹಳೇ ಸೀರೆಗಳಿಂದ ತೆಳ್ಳಗೆ ಎರಡು ಕೌದಿ ಹೊಲಿದು ಕೊಟ್ಟಳು. ಒಂದು ಒಗೆದಾಗ ಇನ್ನೊಂದು. ಹತ್ತಿಯಾದ್ದರಿಂದ ಬೇಗ ಒಣಗುತ್ತದೆ, ನಮ್ಮ ಮೈವಾಸನೆಯೂ ಅದರಲ್ಲಿರುತ್ತದೆ. ರಾಣಿ ಅದರ ಮೇಲೆ ಮೂರು ಸುತ್ತು ಹೊಡೆದು, ಮೂತಿಯನ್ನು ಮಡಿಕೆಗೆ ತೂರಿಸಿ ಮಲಗಿದ್ದು ಇವತ್ತಿಗೂ ಕಣ್ಣ ಮುಂದಿದೆ. ಪಿಂಜಾರರಿಂದ ಅರಳೆಯ ಗಾದಿ ಮಾಡಿಸುವ ಯೋಚನೆ ನಿಮಗಿದ್ದರೆ ಮಳೆಗಾಲಕ್ಕೆ ಬೇಡ. ಅದು ನೀರು ಕುಡಿದರೆ ಮುಗಿಯಿತು.

ರಾಣಿಗೆ 10 ದಾಟಿದ ಮೇಲೆ ಈ ಮಂಚವೂ ಸಾಲಲಿಲ್ಲ. ಏಳುವಾಗ ಹಿಂಗಾಲು ಜಾರಿ ಎರಡೆರಡು ಸಲ ಕೂತುಬಿಡುತ್ತಿದ್ದಳು. ಲ್ಯಾಬ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ, ತೂಕ ಹೆಚ್ಚಿದರಂತೂ ಇನ್ನೂ ಕಷ್ಟ. ಆಗ ಫೋಮ್ ಅಂಗಡಿಯಲ್ಲಿ 40 ಡೆನ್ಸಿಟಿಯ, ಅಂದರೆ ಒತ್ತಾದ ಫೋಮಿನ, 4 ಇಂಚು ದಪ್ಪದ ತುಂಡು ಕತ್ತರಿಸಿಕೊಂಡು ಬಂದೆ. ಅಂಗಡಿಯಲ್ಲಿ ಮುಷ್ಟಿ ಊರಿ ಮೈಭಾರ ಹಾಕಿ ನೋಡಿ, ಕೈಗೆ ನೆಲ ತಾಗಿದರೆ ಅದು ಬೇಡ. ಫೋಮಿಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ, ಬಾಣಂತಿ ಮಂಚಕ್ಕೆ ಹಾಸುವ ರಬ್ಬರ್ ಶೀಟು ಸುತ್ತಿ, ಮೇಲೆ ದರ್ಜಿಯ ಹತ್ತಿರ ಜಿಪ್ ಇರುವ ದಪ್ಪ ಹತ್ತಿಯ ಹೊದಿಕೆ ಎರಡು ಹೊಲಿಸಿದೆ. ಮುದಿ ನಾಯಿ ನಿದ್ದೆಯಲ್ಲಿ ಒದ್ದೆ ಮಾಡಿಕೊಂಡರೂ ಫೋಮಿಗೆ ಇಳಿಯುವುದಿಲ್ಲ. ಹಾಸಿಗೆಯ ಅಡಿಗೆ, ನಾಯಿ ಏಳುವ ಬದಿಗೆ, ಜಾರದ ರಬ್ಬರ್ ಮ್ಯಾಟ್ ಹಾಕಲು ಮರೆಯಬೇಡಿ.

ಬೆಕ್ಕಿನ ಲೆಕ್ಕ ತಿರುವುಮುರುವು. ಅದಕ್ಕೆ ಹಿತವೆನಿಸುವ ಉಷ್ಣತೆಯೇ 30 ಡಿಗ್ರಿಯ ಮೇಲೆ, ಬಿಸಿಲು ಬೀಳುವ ಕಿಟಕಿ ಕಟ್ಟೆ, ಫ್ರಿಜ್ಜಿನ ನೆತ್ತಿ ಹುಡುಕುವುದು ಅದಕ್ಕೇ. ನಾಯಿ ಬೇಡವೆಂದ ಆ ದುಂಡು ಹಾಸಿಗೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನಾಯಿಗೆ ನಿಲುಕದ ಎತ್ತರದ ಕಪಾಟಿನ ಮೇಲಿಡಿ. ಬಹುಶಃ ನಿಮ್ಮ ದುಡ್ಡು ದಂಡವಾಗುವುದಿಲ್ಲ.

ಇನ್ನೊಂದು ಮಾತು, ಇದರಲ್ಲಿ ಬೆಕ್ಕಿನ ಜೀವದ ಪ್ರಶ್ನೆ ಇದೆ. ಚಿಗಟದ ಮೊಟ್ಟೆ ನಾಯಿಯ ಮೈಗೆ ಅಂಟಿಕೊಂಡಿರುವುದಿಲ್ಲ, ಉದುರಿ ಹಾಸಿಗೆಯಲ್ಲೇ ಬೆಳೆಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ಹೊದಿಕೆಯನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಿರಿ. ಉಣ್ಣಿ ಗೋಡೆಯ ಬಿರುಕಿಗೂ ಹತ್ತುತ್ತದೆ, ಮಂಚದ ಸಂದಿ ನೋಡುತ್ತಿರಿ. ಆದರೆ ನಾಯಿಗೆಂದು ತಂದ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಔಷಧಿಯನ್ನು ಹಾಸಿಗೆಗೆ ಹಾಕಲೇಬೇಡಿ. ಅದು ಬೆಕ್ಕಿಗೆ ವಿಷ, ನಡುಕ ಹತ್ತಿ ಸಾಯಬಹುದು. ಫಿನೈಲ್ ಹಾಕಿ ಒರೆಸುವುದೂ ಬೇಡ. ಮಳೆಗಾಲದಲ್ಲಿ ವಾಸನೆಗೆಂದು ಹಾಸಿಗೆ ಅಡಿ ಡಾಂಬರು ಗುಳಿಗೆ ಇಡುವ ಅಭ್ಯಾಸವಿದ್ದರೆ ಇವತ್ತೇ ತೆಗೆಯಿರಿ. ನುಂಗಿದರೆ ನಾಯಿಗೂ ಬೆಕ್ಕಿಗೂ ಅಪಾಯ.

ಸದ್ಯಕ್ಕೆ ಬಲೆಯ ಮಂಚವನ್ನು ನಾಯಿ ಮಲಗುವ ಬಚ್ಚಲ ಬಾಗಿಲಲ್ಲೇ ಇಡಿ, ನಿಮ್ಮ ಹಳೇ ಬನಿಯನ್ ಒಂದು ಅದರ ಮೇಲಿರಲಿ. ದಿನಕ್ಕೊಂದು ಹೆಜ್ಜೆ ಸರಿಸುತ್ತ ನಿಮಗೆ ಬೇಕಾದ ಮೂಲೆಗೆ ತನ್ನಿ. ಹಾಗೆಯೇ ಇವತ್ತು ರಾತ್ರಿ ನಾಯಿಯ ಮೊಣಕೈ ಮುಟ್ಟಿ ನೋಡಿ. ಬರೀ ನೆಲದ ಮೇಲೆ ಮಲಗುವ ಭಾರದ ನಾಯಿಗಳಿಗೆ ಅಲ್ಲಿ ಕೂದಲು ಹೋಗಿ ಚರ್ಮ ಜಡ್ಡುಗಟ್ಟುತ್ತದೆ. ಗಟ್ಟಿ ಜಡ್ಡಷ್ಟೇ ಆದರೆ ಹಾಸಿಗೆ ಬದಲಾದರೆ ಸಾಕು, ನೀರು ತುಂಬಿದ ಗುಳ್ಳೆಯಂತೆ ಮೆತ್ತಗಿದ್ದರೆ ಒತ್ತಿ ಒಡೆಯಲು ಹೋಗದೆ ಡಾಕ್ಟರಿಗೆ ತೋರಿಸಿ. ಹೇಗಿದೆ ಅಂತ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.