ಎಂಟು ವಾರದ ಆನ್‌ಲೈನ್ ಕಾಲೇಜ್ ಆಲ್‌ಜೀಬ್ರಾ: ಶುರುವಾಗುವ ಮೊದಲು ಯಾವ ವಿಡಿಯೋ ಸರಣಿ ನೋಡಿ ಮುಗಿಸಲಿ?

ನಿಮ್ಮ ಪ್ರಶ್ನೆ ಓದಿದೆ: ಪಿಯುಸಿ ಮುಗಿದು ಹನ್ನೆರಡು ವರ್ಷ, ಎಚ್-4ನಲ್ಲಿ (ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ವೀಸಾ) ಅಮೆರಿಕ, ಕಮ್ಯುನಿಟಿ ಕಾಲೇಜಿನ 3 ಕ್ರೆಡಿಟ್ ಗಣಿತ, ಮಗು ಮಲಗಿದ ಮೇಲೆ ದಿನಾ ಸಿಗುವ ಒಂದೂವರೆ ಗಂಟೆ, ಕೈಯಲ್ಲಿ ಇನ್ನು ಮೂರು ವಾರ. ಊರಿನ ಹೆಸರೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನದೇ ಕಥೆ. ವಿಡಿಯೋ ಯಾವುದೂ ಬೇಡ. ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ, ಪೆನ್ನು ಹಿಡಿದರೆ ಕೈ ಓಡುವುದಿಲ್ಲ.

ನಿಮ್ಮ ಸಿಲಬಸ್‌ನಲ್ಲಿ ಅಲೆಕ್ಸ್ (ALEKS, ಗಣಿತ ಕಲಿಸಿ ಅಭ್ಯಾಸ ಮಾಡಿಸುವ ಆನ್‌ಲೈನ್ ತಂತ್ರಾಂಶ) ಇದೆ ಅಂದಿದ್ದೀರಿ. ನಾನು ಮುಗ್ಗರಿಸಿದ್ದು ಅಲ್ಲೇ, ಅದೂ ಮೊದಲ ದಿನವೇ. ಲಾಗಿನ್ ಆದ ಕೂಡಲೇ ಅದು ಇನಿಶಿಯಲ್ ನಾಲೆಡ್ಜ್ ಚೆಕ್ ಕೊಡುತ್ತದೆ, ಇಪ್ಪತ್ತೈದು ಮೂವತ್ತು ಪ್ರಶ್ನೆ. ನಾನು ಅದನ್ನು ಪರೀಕ್ಷೆ ಅಂದುಕೊಂಡು ಯಜಮಾನರನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ತಡವರಿಸಿದಲ್ಲೆಲ್ಲ ಅವರು ಹೇಳಿದರು, ನಾನು ಟೈಪ್ ಮಾಡಿದೆ. ಕೊನೆಗೆ ಬಂದ ಬಣ್ಣದ ಪೈ, ಅಂದರೆ ಎಷ್ಟು ವಿಷಯ ಬರುತ್ತದೆ ಎಂದು ತೋರಿಸುವ ವೃತ್ತದ ಚಿತ್ರ, ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೂ ಹಾಕಿದೆ!

ಅದು ಅಂಕ ಕೊಡುವ ಪರೀಕ್ಷೆ ಅಲ್ಲ, ನಿಮ್ಮ ದಾರಿ ಎಲ್ಲಿಂದ ಶುರುವಾಗಬೇಕು ಎಂದು ತೀರ್ಮಾನಿಸುವ ಅಳತೆ. ಇದರ ಹಿಂದಿರುವುದು ನಾಲೆಡ್ಜ್ ಸ್ಪೇಸ್ ಎಂಬ ಸಿದ್ಧಾಂತ. 1985ರಲ್ಲಿ ಮಂಡನೆಯಾಯಿತು, ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ಅದರ ಮೇಲೆ ಅಲೆಕ್ಸ್ ಕಟ್ಟಿದರು. ಒಂದು ಕಷ್ಟದ ಲೆಕ್ಕ ಬಿಡಿಸಿದವರಿಗೆ ಅದರ ಕೆಳಗಿನ ಸುಲಭದ ವಿಷಯಗಳೂ ಬಂದೇ ಬರುತ್ತವೆ ಎಂದು ಅದು ಊಹಿಸುತ್ತದೆ. ಛೇದದಲ್ಲಿ ಎಕ್ಸ್ ಇರುವ ಎರಡು ಭಿನ್ನರಾಶಿ ಕೂಡಿಸುವ ಲೆಕ್ಕವನ್ನು ಯಜಮಾನರು ಬಿಡಿಸಿದರೆ, ಅಪವರ್ತನ, ಲಸಾಅ, ಚಿಹ್ನೆ ಬದಲಿಸುವುದು ಎಲ್ಲವೂ ನಿಮಗೆ ಬರುತ್ತದೆ ಎಂದು ಬರೆದುಕೊಳ್ಳುತ್ತದೆ. ಸಾಲ ತಂದ ಒಂದು ಉತ್ತರ ಐದಾರು ವಿಷಯಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಆ ಐದಾರನ್ನೂ ಅದು ಮತ್ತೆ ಕಲಿಸುವುದಿಲ್ಲ.

ಬಣ್ಣ ಬಯಲಾಗುವುದು ಎರಡು ಮೂರು ವಾರದ ಮೇಲೆ, ಮುಂದಿನ ನಾಲೆಡ್ಜ್ ಚೆಕ್‌ನಲ್ಲಿ. ಅಲ್ಲಿ 'ಲರ್ನ್ಡ್' ಬೇರೆ, 'ಮಾಸ್ಟರ್ಡ್' ಬೇರೆ. ಅಭ್ಯಾಸದಲ್ಲಿ ಸರಿ ಮಾಡಿದ್ದು ಲರ್ನ್ಡ್. ಅದನ್ನೇ ಚೆಕ್‌ನಲ್ಲಿ ಮತ್ತೆ ಸರಿ ಮಾಡಿದರೆ ಮಾತ್ರ ಮಾಸ್ಟರ್ಡ್. ತಪ್ಪಿದರೆ ಪೈಯಿಂದ ಉದುರುತ್ತದೆ. ನನ್ನವು ಗೊನೆಗೊನೆಯಾಗಿ ಉದುರಿದವು. ಹದಿನಾರು ವಾರದ ಕೋರ್ಸಾಗಿದ್ದರೆ ಹಿಂದೆ ಹೋಗಿ ಹೆಕ್ಕಿಕೊಳ್ಳಬಹುದಿತ್ತು. ಎಂಟು ವಾರದ್ದರಲ್ಲಿ ಅಷ್ಟು ಹೊತ್ತಿಗೆ ಪಾಲಿನಾಮಿಯಲ್ ಮುಗಿದು ಲಾಗರಿದಮ್ ಗಡುವು ನೆತ್ತಿ ಮೇಲಿರುತ್ತದೆ. ಡಬ್ಲ್ಯು (ವಿತ್‌ಡ್ರಾಯಲ್, ಅಂದರೆ ಕೋರ್ಸ್ ನಡುವೆ ಬಿಟ್ಟ ಗುರುತು) ತೆಗೆದುಕೊಂಡು ಹೊರಬಿದ್ದೆ. ಫೀಸ್ ವಾಪಸ್ ಸಿಗುವ ದಿನ ಎಂದೋ ದಾಟಿತ್ತು. ಚಿಕ್ಕ ಕೋರ್ಸಿನಲ್ಲಿ ಆ ಗಡುವೂ ಚಿಕ್ಕದು, ಕಾಲೇಜಿನ ಕ್ಯಾಲೆಂಡರ್ ತೆಗೆದು ಇವತ್ತೇ ಗುರುತು ಹಾಕಿಕೊಳ್ಳಿ.

ಈಗ ಮೂರು ವಾರದ ಮಾತು. ಓಪನ್‌ಸ್ಟ್ಯಾಕ್ಸ್‌ನ 'ಕಾಲೇಜ್ ಆಲ್‌ಜೀಬ್ರಾ' ಪುಸ್ತಕದ ಪಿಡಿಎಫ್ ಉಚಿತ. ಮೊದಲ ಅಧ್ಯಾಯ ಪೂರ್ತಿ ಹಳೆಯ ಪಾಠ, ಆರು ಭಾಗ: ವಾಸ್ತವ ಸಂಖ್ಯೆಗಳು, ಘಾತಾಂಕ, ವರ್ಗಮೂಲ, ಬಹುಪದೋಕ್ತಿ, ಅಪವರ್ತನ, ರ‍್ಯಾಷನಲ್ ಎಕ್ಸ್‌ಪ್ರೆಶನ್. ಭಾಗಕ್ಕೆ ಮೂರು ದಿನದಂತೆ ಹದಿನೆಂಟು ದಿನ. ದಿನಕ್ಕೆ ಸುಮಾರು ಹತ್ತು ಲೆಕ್ಕ, ಕಾಗದದ ಮೇಲೆ, ಬೆಸ ಸಂಖ್ಯೆಯವು ಮಾತ್ರ, ಯಾಕೆಂದರೆ ಉತ್ತರ ಇರುವುದು ಅವಕ್ಕೇ. ತಪ್ಪಾದವನ್ನು ಮಾರನೇ ದಿನ ಉತ್ತರ ನೋಡದೆ ಮತ್ತೆ ಮಾಡಿ. ಸಮಯ ಸಾಲದಿದ್ದರೆ ಮೊದಲ ಭಾಗವನ್ನು ಒಂದೇ ದಿನಕ್ಕೆ ಮುಗಿಸಿ, ಅಪವರ್ತನದ ದಿನಗಳನ್ನು ಮಾತ್ರ ಕಡಿಮೆ ಮಾಡಬೇಡಿ. ಮುಂದೆ ವರ್ಗ ಸಮೀಕರಣ, ರ‍್ಯಾಷನಲ್ ಫಂಕ್ಷನ್, ಡೊಮೇನ್ ಎಲ್ಲ ಅದರ ಮೇಲೇ ನಿಂತಿವೆ. ಉಳಿದ ಮೂರು ದಿನ ಮೂರನೇ ಅಧ್ಯಾಯದ ಮೊದಲೆರಡು ಭಾಗಕ್ಕೆ, ಅಂದರೆ ಫಂಕ್ಷನ್ ಬರೆಯುವ ರೀತಿ, ಡೊಮೇನ್ ಮತ್ತು ರೇಂಜ್.

ಪಿಯುಸಿಯಲ್ಲಿ ಇಂಟಿಗ್ರೇಶನ್ನೇ ಮಾಡಿದ್ದೇವೆ, ಇದೇನು ಮಹಾ ಎನಿಸುತ್ತದೆ. ನನಗೂ ಎನಿಸಿತ್ತು. ಆದರೆ ನಮ್ಮ ಕೈಗೆ ಹತ್ತಿದ ಅಭ್ಯಾಸಗಳೇ ಇಲ್ಲಿ ಕಾಲಿಗೆ ತೊಡರುತ್ತವೆ. ದ್ವಿತೀಯ ಪಿಯುಸಿ ಕ್ಯಾಲ್ಕುಲಸ್‌ನಲ್ಲಿ ನಾವು ಬರೀ ಲಾಗ್ ಎಂದು ಬರೆಯುತ್ತಿದ್ದದ್ದು ಇಲ್ಲಿಯವರ ಎಲ್‌ಎನ್, ಅಂದರೆ ಆಧಾರ 'ಇ'. ಇಲ್ಲಿ ಬರೀ ಲಾಗ್ ಎಂದರೆ ಆಧಾರ 10. ನಮ್ಮ ಎಂಎಕ್ಸ್ ಪ್ಲಸ್ ಸಿ ಇಲ್ಲಿ ಎಂಎಕ್ಸ್ ಪ್ಲಸ್ ಬಿ. ವಾಕ್ಯರೂಪದ ಲೆಕ್ಕಗಳಲ್ಲಿ ಅಡಿ, ಮೈಲಿ, ಗ್ಯಾಲನ್ ಬರುತ್ತವೆ, 1 ಮೈಲಿಗೆ 5,280 ಅಡಿ. 'ಎಕ್ಸ್ಯಾಕ್ಟ್' ಉತ್ತರ ಎಂದು ಕೇಳಿದರೆ ರೂಟ್ 2 ಎಂದೇ ಬಿಡಬೇಕು, 1.414 ಹಾಕಿದರೆ ತಪ್ಪು. ಬ್ರ್ಯಾಕೆಟ್ ಹಾಕದೆ 1 ಸ್ಲ್ಯಾಶ್ 2 ಎಕ್ಸ್ ಎಂದು ಕ್ಯಾಲ್ಕುಲೇಟರಿಗೆ ಒತ್ತಿದರೆ ಎಷ್ಟೋ ಯಂತ್ರಗಳು ಅದನ್ನು ಅರ್ಧ ಎಕ್ಸ್ ಎಂದೇ ಓದುತ್ತವೆ.

ಒಂದೂವರೆ ಗಂಟೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ಒಂದು ಕ್ರೆಡಿಟ್ಟಿಗೆ ತರಗತಿ, ಮನೆಗೆಲಸ ಸೇರಿ ಸುಮಾರು 45 ಗಂಟೆ ಎಂದು ಇಲ್ಲಿಯ ರೂಢಿಯ ಲೆಕ್ಕ. ಮೂರಕ್ಕೆ 135, ಎಂಟು ವಾರಕ್ಕೆ ಹಂಚಿದರೆ ವಾರಕ್ಕೆ ಹದಿನೇಳು. ನಿಮ್ಮ ಕೈಲಿರುವುದು ಹತ್ತೂವರೆ. ಶನಿವಾರ, ಭಾನುವಾರ ಬೆಳಗ್ಗೆ ಮೂರು ಮೂರು ಗಂಟೆ ಮಗುವನ್ನು ಅವರಪ್ಪನಿಗೆ ಒಪ್ಪಿಸಲು ಆಗುತ್ತದಾ? ಆಗದಿದ್ದರೆ ಹದಿನಾರು ವಾರದ್ದಕ್ಕೆ ಬದಲಾಯಿಸಿಕೊಳ್ಳಿ. ಎರಡನೇ ಸಲ ನಾನು ಅದನ್ನೇ ತೆಗೆದುಕೊಂಡು ಪಾಸಾದೆ. ಬೇಗ ಮುಗಿಯುತ್ತದೆ ಎಂದು ಎಂಟು ವಾರದ್ದು ಆರಿಸುವುದು, ನನ್ನ ಕೇಳಿದರೆ, ಗಣಿತ ಆಗಲೇ ಬರುವವರಿಗೆ ಮಾತ್ರ ಸರಿ.

ಯಜಮಾನರ ಆಫೀಸ್ ಲ್ಯಾಪ್‌ಟಾಪ್ ನೆಚ್ಚಿಕೊಳ್ಳಬೇಡಿ. ಪರೀಕ್ಷೆ ಹೊತ್ತಿನಲ್ಲಿ ಬೇರೇನೂ ತೆರೆಯದಂತೆ ತಡೆಯುವ ಲಾಕ್‌ಡೌನ್ ಬ್ರೌಸರನ್ನು ಕಂಪನಿಯ ಯಂತ್ರದಲ್ಲಿ ಹಾಕಿಕೊಳ್ಳಲು ಹಲವು ಕಡೆ ಬಿಡುವುದಿಲ್ಲ, ಅದು ಗೊತ್ತಾಗುವುದು ಪರೀಕ್ಷೆಗೆ ಹತ್ತು ನಿಮಿಷ ಇದ್ದಾಗ. ಮೊದಲ ವಾರವೇ ಸ್ವಂತದ್ದರಲ್ಲಿ ಹಾಕಿ, ಅಣಕು ಕ್ವಿಜ್ ಇದ್ದರೆ ಮಾಡಿ ನೋಡಿ.

ನಾಲೆಡ್ಜ್ ಚೆಕ್ ದಿನ ಬಾಗಿಲು ಹಾಕಿಕೊಳ್ಳಿ. ಕಾಗದ, ಪೆನ್ನು, ಒಂದೂವರೆ ಗಂಟೆ. ಕ್ಯಾಲ್ಕುಲೇಟರ್ ಬೇಕಾದ ಕಡೆ ಅದರ ಬಟನ್ ಪರದೆಯ ಮೇಲೇ ಬರುತ್ತದೆ, ಬರದಿದ್ದಲ್ಲಿ ಬೇರೆಯದನ್ನು ಮುಟ್ಟಬೇಡಿ. ಬರದ ಲೆಕ್ಕಕ್ಕೆ 'ಗೊತ್ತಿಲ್ಲ' ಎಂಬ ಬಟನ್ ಇದೆ, ನಾಚಿಕೆ ಬಿಟ್ಟು ಒತ್ತಿ. ಪೈ ಖಾಲಿ ಕಂಡರೂ ಪರವಾಗಿಲ್ಲ. ಅಕಸ್ಮಾತ್ ಈಗಾಗಲೇ ಯಾರದೋ ಸಹಾಯದಿಂದ ಮಾಡಿಬಿಟ್ಟಿದ್ದರೆ ಪ್ರೊಫೆಸರ್‌ಗೆ ಎರಡು ಸಾಲು ಮೇಲ್ ಹಾಕಿ, ಹೊಸ ಚೆಕ್ ಕೊಡಲು ಅವರಿಗೆ ಬರುತ್ತದೆ. ಮೊದಲ ವಾರದಲ್ಲೇ ಕೇಳಿ. ನಾನು ಕೇಳಿದ್ದು ನಾಲ್ಕನೇ ವಾರ.