ಗಾಣದ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತೆ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ.)

ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸ ಇವರದು. ವಯಸ್ಸು ನಲವತ್ತರ ಆಸುಪಾಸು. ಜೊತೆಗಿದ್ದ ಹುಡುಗನ ಕೈ ಗಾಣಕ್ಕೆ ಸಿಕ್ಕಿತು. ಇವರೇ ಓಡಿಹೋಗಿ ಮೋಟಾರ್ ಆಫ್ ಮಾಡಿದರು. ಹುಡುಗ ಬದುಕಿದ, ಕೈ ಉಳಿಯಲಿಲ್ಲ.

ಮೂರು ವಾರದ ನಂತರ ಹೆಂಡತಿ ಇವರನ್ನು ನನ್ನ ಹತ್ತಿರ ಕರೆದುಕೊಂಡು ಬಂದರು. "ಮಿಕ್ಸಿ ಹಾಕಿದ್ರೆ ಬೆಚ್ಚಿಬೀಳ್ತಾರೆ ಮೇಡಂ. ರಾತ್ರಿ ಕಿರುಚ್ಕೊಂಡು ಏಳ್ತಾರೆ. ಬೆಲ್ಲದ ಕಾಫಿ ಕೊಟ್ರೆ ಲೋಟ ತಳ್ಳಿಬಿಟ್ರು." ಮಗಳು ಏನು ಕೇಳಿದರೂ ರೇಗುತ್ತಾರಂತೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದೂ ಆಗಿತ್ತು. ಅದರ ಬಗ್ಗೆ ನಾನೇನೂ ಹೇಳಲಿಲ್ಲ. ಧೈರ್ಯ ಬಂದರೆ ಬರಲಿ, ಜಗಳ ಯಾಕೆ?

ಅವರು ಕೇಳಿದ್ದು ಒಂದೇ: "ನಂಗೆ ಹುಚ್ಚು ಹಿಡೀತಾ ಇದ್ಯಾ?"

ಇಲ್ಲ ಅಂದೆ. ಅಪಾಯ ಕಂಡಾಗ ಮೆದುಳು ಮೈಯನ್ನು ಎಚ್ಚರಿಸುತ್ತದೆ. ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ. ಅವತ್ತು ನೀವು ಅಷ್ಟು ಬೇಗ ಸ್ವಿಚ್ ತನಕ ಓಡಿದ್ದು ಅದರಿಂದಲೇ. ಅಪಾಯ ಮುಗಿದರೂ ಆ ಎಚ್ಚರ ಇನ್ನೂ ಇಳಿದಿಲ್ಲ. ಬೆಚ್ಚುವುದು, ಕೆಟ್ಟ ಕನಸು, ಸಿಟ್ಟು, ಕೆಲವರಿಗೆ ಅಳುವೂ ಬಾರದೆ ಮನಸ್ಸು ಮರಗಟ್ಟುವುದು, ಎಲ್ಲವೂ ಇಂಥ ಹೊತ್ತಿನಲ್ಲಿ ಮಾಮೂಲಿ. ಹೆಚ್ಚಿನವರಿಗೆ ವಾರಗಳು ಕಳೆದಂತೆ ತಾನಾಗಿ ಕಡಿಮೆಯಾಗುತ್ತದೆ.

ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದ್ದು, ತಾನೇ ತಪ್ಪು ಮಾಡಿದೆ ಅನ್ನುವ ಕೊರಗು. "ಒಂದು ಗಳಿಗೆ ಮೊದ್ಲೇ ಆಫ್ ಮಾಡಿದ್ರೆ..." ಇದಕ್ಕೆ "ನಿಮ್ಮ ತಪ್ಪೇನಿಲ್ಲ ಬಿಡಿ" ಅಂದರೆ ಸಾಲದು. ಅವರೇ ಮಾತು ತೆಗೆದಿದ್ದರಿಂದ ಸ್ವಿಚ್ ಎಲ್ಲಿತ್ತು ಅಂತ ಕೇಳಿದೆ. ಗೋಡೆಯ ಆಚೆ ಬದಿ! ಅದನ್ನು ಹೇಳುತ್ತಾ ಅವರೇ ಸುಮ್ಮನಾದರು. ಕೈಗೆಟಕುವಲ್ಲಿ ಸ್ವಿಚ್ ಇಡಿಸಬೇಕಾದವರು ಯಾರು ಅನ್ನುವ ಪ್ರಶ್ನೆಯನ್ನು ನಾನು ಅಲ್ಲಿ ಎತ್ತಲಿಲ್ಲ, ಆದರೆ ಅದು ಕೇಳಲೇಬೇಕಾದ ಪ್ರಶ್ನೆ.

ಸಲಹೆ ಮೊದಲು ಮನೆಯವರಿಗೆ. ಬಂದ ನೆಂಟರೆಲ್ಲ "ಹೆಂಗಾಯ್ತು ಹೇಳು" ಅಂತ ಕೆದಕುವುದು ನಿಲ್ಲಲಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಸಾಕು. ಇನ್ನು ಅವರಿಗೆ: ನಿದ್ದೆ ಬರಲಿ ಅಂತ ಕುಡಿಯಬೇಡಿ, ಕುಡಿದು ಮಲಗಿದರೆ ನಡುರಾತ್ರಿ ಎಚ್ಚರ ಜಾಸ್ತಿ. ಕನಸಿನಿಂದ ಎದ್ದಾಗ ಲೈಟ್ ಹಾಕಿ, ಪಾದ ನೆಲಕ್ಕೂರಿ, ಕಣ್ಣೆದುರಿನ ಐದು ವಸ್ತುಗಳ ಹೆಸರು ಹೇಳಿ, ಉಸಿರನ್ನು ನಿಧಾನವಾಗಿ ಬಿಡಿ. ಆಲೆಮನೆ ಕಡೆ ತಲೆನೇ ಹಾಕಲ್ಲ ಅನ್ನಬೇಡಿ. ಗಾಣ ನಿಂತಿರುವಾಗ ಭಾಮೈದನ ಜೊತೆ ಅಲ್ಲಿನ ರಸ್ತೆ ತನಕ ಹೋಗಿ ಬನ್ನಿ. ತಿಂಗಳು ದಾಟಿದರೂ ಹೀಗೇ ಕಾಡಿದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ರಾತ್ರಿಯೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಮುಂದಿನ ಸಲ ಬಂದಾಗ ನಿದ್ದೆ ಸುಧಾರಿಸಿತ್ತು. ಹುಡುಗನನ್ನೂ ನೋಡಿಕೊಂಡು ಬಂದಿದ್ದರು. "ಗಾಣ ಬೇಡ ಮೇಡಂ, ಕೊಪ್ಪರಿಗೆ ಕಡೆ ಮಾಡ್ತೀನಿ" ಅಂದರು. ನನ್ನದೇನೂ ತಕರಾರಿರಲಿಲ್ಲ.