ಊಟದ ಟೇಬಲ್ಲಿನ ಬೇಸ್‌ಬಾಲ್‌ಗೆ 2008 ಸಾಕು

ಫಿಲಡೆಲ್ಫಿಯಾಕ್ಕೆ ಹೊಸದಾಗಿ ಬಂದಿದ್ದೀರಿ. ಆಫೀಸಿನಲ್ಲಿ ಊಟಕ್ಕೆ ಕೂತರೆ ಎಲ್ಲರದ್ದೂ ಬೇಸ್‌ಬಾಲ್ ಮಾತು. ಕ್ಲೋಸರ್, ಸೇವ್ ಅಂತೆಲ್ಲ ಅನ್ನುವಾಗ ಸುಮ್ನೆ ತಲೆ ಆಡಿಸ್ತೀನಿ, ಇದನ್ನೆಲ್ಲ ಕಲಿಯಲೇಬೇಕಾ ಅಂತ ಕೇಳಿದ್ದೀರಿ.

ಕಲಿಯಲೇಬೇಕು ಅಂತೇನಿಲ್ಲ. ಒಂದು ಆಟವನ್ನೂ ನೋಡದೆ ಇಲ್ಲಿ ಮನೆ ಕೊಂಡು, ಮಕ್ಕಳನ್ನು ಓದಿಸಿ ದಡ ಸೇರಿಸಿದ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಟೇಬಲ್ಲಿನಲ್ಲಿ ಬೆರೆಯುವ ಆಸೆ ಇದ್ದರೆ 2008ರ ಸೀಸನ್ ಒಂದನ್ನು ತಿಳಿದುಕೊಳ್ಳಿ. ಈ ಊರಿನವರು ಅದನ್ನು ಇನ್ನೂ ಮಾತಾಡಿ ಮುಗಿಸಿಲ್ಲ.

ಮೊದಲು ಸೇವ್ ವಿಷಯ. ಆಟ ಶುರು ಮಾಡಿದ ಪಿಚರ್, ಅಂದರೆ ಚೆಂಡು ಎಸೆಯುವವನು, ಒಂಬತ್ತೂ ಇನ್ನಿಂಗ್ ಎಸೆಯೋದು ಈಗ ಅಪರೂಪ. ಅವನನ್ನು ಆಟದಿಂದ ತೆಗೆದರೆ ಅವತ್ತು ಮತ್ತೆ ಬರುವಂತಿಲ್ಲ. ಆಮೇಲೆ ಬರುವವರೆಲ್ಲ ರಿಲೀಫ್ ಪಿಚರ್‌ಗಳು. ಕೊನೆಗೆ ಬಂದು ಬಾಗಿಲು ಹಾಕುವವನು ಕ್ಲೋಸರ್, ನಮ್ಮ ಕ್ರಿಕೆಟ್ಟಿನ ಡೆತ್ ಓವರ್ ಬೌಲರ್ ಇದ್ದ ಹಾಗೆ. ತಂಡ ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುಂದಿರುವಾಗ ಬಂದು, ಕನಿಷ್ಠ ಒಂದು ಇನ್ನಿಂಗ್ ಎಸೆದು, ಆ ಮುನ್ನಡೆ ಉಳಿಸಿಕೊಂಡು ಆಟ ಮುಗಿಸಿದರೆ ಅವನ ಲೆಕ್ಕಕ್ಕೆ ಒಂದು ಸೇವ್. ಸೇವ್ ಸಿಗಲು ಬೇರೆ ದಾರಿಗಳೂ ಇವೆ, ಸದ್ಯಕ್ಕೆ ಇಷ್ಟು ಸಾಕು. 1969ರಿಂದ ಇದು ಅಧಿಕೃತ ಲೆಕ್ಕ. ಮುನ್ನಡೆ ಕೈಬಿಟ್ಟರೆ ಬ್ಲೋನ್ ಸೇವ್. ಮಾರನೇ ದಿನ ನಿಮ್ಮ ಟೇಬಲ್ಲಿನಲ್ಲಿ ಅವನ ಗ್ರಹಚಾರ ಬಿಡಿಸ್ತಾರೆ.

2008ರಲ್ಲಿ ಅತಿ ಹೆಚ್ಚು ಸೇವ್ ಮಾಡಿದವನು ಈ ಊರಿನವನಲ್ಲ. ಲಾಸ್ ಏಂಜಲೀಸ್ ಏಂಜಲ್ಸ್ ತಂಡದ ಫ್ರಾನ್ಸಿಸ್ಕೊ ರಾಡ್ರಿಗೆಸ್. 62 ಸೇವ್! ಬಾಬಿ ಥಿಗ್‌ಪೆನ್ 1990ರಲ್ಲಿ ಮಾಡಿದ್ದ 57ರ ದಾಖಲೆ ಹೋಯಿತು. ಆದರೂ ಆ ವರ್ಷ ಅವನಿದ್ದ ಅಮೆರಿಕನ್ ಲೀಗ್‌ನ ಸೈ ಯಂಗ್ ಪ್ರಶಸ್ತಿ, ಅಂದರೆ ಅತ್ಯುತ್ತಮ ಪಿಚರ್‌ಗೆ ಕೊಡೋದು, ಕ್ಲಿಫ್ ಲೀಗೆ ಹೋಯಿತು. ಅದರಲ್ಲಿ ಅನ್ಯಾಯ ಏನೂ ಇಲ್ಲ ಅಂತ ನನಗನಿಸುತ್ತೆ. ತಂಡ ಸ್ವಲ್ಪ ಅಂತರದಲ್ಲಿ ಮುಂದಿದ್ದರೆ ತಾನೇ ಕ್ಲೋಸರ್‌ಗೆ ಕೆಲಸ? ಏಂಜಲ್ಸ್ ಆ ಸಲ 100 ಆಟ ಗೆದ್ದಿತ್ತು, ರಾಡ್ರಿಗೆಸ್‌ಗೆ 69 ಅವಕಾಶ ಸಿಕ್ಕಿತು. ಏಳು ಸಲ ಕೈಬಿಟ್ಟ.

ನಮ್ಮ ಊರಿನ ತಂಡ ಫಿಲ್ಲೀಸ್‌ನ ಕ್ಲೋಸರ್ ಬ್ರಾಡ್ ಲಿಡ್ಜ್ ಲೆಕ್ಕ ಬೇರೆ. 41 ಅವಕಾಶ, 41 ಸೇವ್. ಪ್ಲೇಆಫ್ ಮತ್ತು ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಸೇರಿ ಇನ್ನೂ ಏಳಕ್ಕೆ ಏಳು. ವರ್ಲ್ಡ್ ಸೀರೀಸ್‌ನಲ್ಲಿ ಟ್ಯಾಂಪಾ ಬೇ ವಿರುದ್ಧದ ಐದನೇ ಪಂದ್ಯ ಮಳೆಗೆ ಅರ್ಧಕ್ಕೇ ನಿಂತು, ಎರಡು ದಿನ ಬಿಟ್ಟು ಮುಂದುವರಿಯಿತು. ಒಂಬತ್ತನೇ ಇನ್ನಿಂಗ್, ಫಿಲ್ಲೀಸ್ 4-3 ಮುಂದೆ, ಇಬ್ಬರು ಔಟ್. ಸಮ ಮಾಡಬಲ್ಲ ರನ್ನರ್ ಎರಡನೇ ಬೇಸ್‌ನಲ್ಲಿ ಕಾಯ್ತಿದ್ದಾನೆ. ಲಿಡ್ಜ್ ಸ್ಲೈಡರ್ ಎಸೆದ, ಕೊನೆಯಲ್ಲಿ ತಿರುಗಿ ಕೆಳಗಿಳಿಯುವ ಎಸೆತ. ಎರಿಕ್ ಹಿನ್‌ಸ್ಕಿ ಬ್ಯಾಟ್ ಬೀಸುವಷ್ಟರಲ್ಲಿ ಚೆಂಡು ಕೆಳಕ್ಕೆ ಇಳಿದಾಗಿತ್ತು. ಲಿಡ್ಜ್ ಅಲ್ಲೇ ಮಂಡಿಯೂರಿ ಎರಡೂ ಕೈ ಎತ್ತಿದ, ಕ್ಯಾಚರ್ ಕಾರ್ಲೋಸ್ ರೂಯಿಜ್ ಓಡಿ ಬಂದು ತಬ್ಬಿಕೊಂಡ. 1980ರ ನಂತರ ಫಿಲ್ಲೀಸ್‌ಗೆ ಮೊದಲ ವರ್ಲ್ಡ್ ಸೀರೀಸ್ ಗೆಲುವು. ಆ ರಾತ್ರಿ ಎಲ್ಲಿದ್ರಿ ಅಂತ ಆಫೀಸಿನ ಹಳಬರನ್ನು ಕೇಳಿ ನೋಡಿ. ಮಳೆಯಿಂದ ಶುರು ಮಾಡ್ತಾರೆ, ನಿಮ್ಮ ಡಬ್ಬಿ ಖಾಲಿಯಾದರೂ ಮಾತು ಮುಗಿಯಲ್ಲ.

ಬಿಡುವಾದಾಗ ಬ್ರಾಡ್ ಸ್ಟ್ರೀಟ್ ರೈಲು ಹಿಡಿದು ದಕ್ಷಿಣದ ಕೊನೇ ಸ್ಟೇಷನ್ನಿನಲ್ಲಿ ಇಳಿಯಿರಿ, ಸಿಟಿಜನ್ಸ್ ಬ್ಯಾಂಕ್ ಪಾರ್ಕ್ ಅಲ್ಲೇ ಇದೆ. ಸೀಟು ದೂರದ್ದಾದರೂ ಪರವಾಗಿಲ್ಲ. ಪಾರ್ಕಿನೊಳಗಿನ ಆಶ್‌ಬರ್ನ್ ಆಲಿ ಅನ್ನೋ ಓಣಿ ಕಡೆ ನಡೆದು ಹೋದರೆ ಬುಲ್‌ಪೆನ್ ಕಾಣುತ್ತೆ. ರಿಲೀಫ್ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳೋದು ಅಲ್ಲೇ. ಅತಿಥಿ ತಂಡದ್ದು ಮೇಲಿನ ಹಂತ, ಜನರಿಗೆ ತೀರಾ ಹತ್ತಿರ. ಇಲ್ಲಿಯವರು ಅವರನ್ನು ರೇಗಿಸೋದು ಕೇಳಿದರೆ ಈ ಊರಿನ ಬಾಯಿ ಎಂಥದ್ದು ಅಂತ ಗೊತ್ತಾಗುತ್ತೆ.

ಒಂದು ಮಾತು ಮಾತ್ರ ನೆನಪಿರಲಿ. ಲಿಡ್ಜ್ ಹೆಸರು ಬಂದಾಗ 2009 ಎತ್ತಬೇಡಿ. ಆ ವರ್ಷ ಅವನು ಹನ್ನೊಂದು ಸೇವ್ ಕೈಬಿಟ್ಟ, ಗೆಲುವು ಸೊನ್ನೆ, ಸೋಲು ಎಂಟು. ಅದನ್ನು ಬೈಯುವ ಹಕ್ಕು ಇಲ್ಲಿ ಹುಟ್ಟಿದವರಿಗೆ ಮಾತ್ರ.